ಸಾಫ್ಟ್‌ವೇರೋ ಚಿತ್ರಕಲೆಯೋ: ಶಿರಸಿಯ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವನು. ಕಾರವಾರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಂಪ್ಯೂಟರ್ ಸೈನ್ಸ್, ಕೊನೆಯ ವರ್ಷ. ಚಿಕ್ಕಂದಿನಿಂದ ಚಿತ್ರ ಬಿಡಿಸುವ ಹುಚ್ಚು. ಈಚೆಗೆ ಚಿತ್ರ ಬಿಡಿಸುವ ಕ್ರಿತಾ ಮತ್ತು ಮೂರು ಆಯಾಮದ ಮಾದರಿ ಕಟ್ಟುವ ಬ್ಲೆಂಡರ್ ತಂತ್ರಾಂಶಗಳನ್ನು ಕಲಿತಿದ್ದೇನೆ. ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಐಟಿ ಸೇವಾ ಕಂಪನಿಯೊಂದು ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಕೆಲಸ ಕೊಟ್ಟಿದೆ. ಸಿಕ್ಕಿದ ಕೆಲಸ ಬಿಡಬೇಡ ಎನ್ನುತ್ತಾರೆ ಅಪ್ಪ. ಅದನ್ನು ಬಿಟ್ಟು ಅನಿಮೇಶನ್ ಡಿಪ್ಲೊಮಾ ಸೇರೋಣವೆಂದು ನನ್ನ ಮನಸ್ಸು, ಆದರೆ ಶುಲ್ಕ ಲಕ್ಷಗಳಲ್ಲಿದೆ. ಕೋಡಿಂಗ್ ಮತ್ತು ಡಿಜಿಟಲ್ ಕಲೆ ಎರಡೂ ಕೂಡಿದ ವೃತ್ತಿ ನಿಜಕ್ಕೂ ಇದೆಯೇ? ಇದ್ದರೆ ಅದನ್ನು ಊರಿನಲ್ಲಿದ್ದುಕೊಂಡೇ ಮಾಡಬಹುದೇ? ಎಐ ಬಂದ ಮೇಲೆ ಇದಕ್ಕೆ ಭವಿಷ್ಯ ಉಂಟೇ?

ಉತ್ತರ: ಇಂಥ ವೃತ್ತಿ ಇದೆ, ಅದು ಹೊಸದೂ ಅಲ್ಲ. ಆದರೆ ನಿಮ್ಮ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ: ದಿನದ ಅರ್ಧ ಹೊತ್ತು ಕೋಡ್ ಬರೆದು, ಉಳಿದರ್ಧ ಚಿತ್ರ ಬಿಡಿಸುವ ನೌಕರಿಯೊಂದು ಎಲ್ಲೋ ಇದ್ದೀತು ಎಂಬುದು. ಅಂಥ ನೌಕರಿಯನ್ನು ನಾನು ಕಂಡಿಲ್ಲ. ಸಂಬಳ ಕೊಡುವವರು ಎರಡು ಅರ್ಧಗಳನ್ನು ಕೊಳ್ಳುವುದಿಲ್ಲ. ಚಿತ್ರಕಾರರು ಕಲ್ಪಿಸಿದ್ದನ್ನು ಯಂತ್ರದ ಮಿತಿಯೊಳಗೆ, ಅಂದ ಕೆಡದಂತೆ, ಪರದೆಯ ಮೇಲೆ ತರಬಲ್ಲ ಸಾಮರ್ಥ್ಯವನ್ನು ಕೊಳ್ಳುತ್ತಾರೆ. ಬರಿಯ ಪ್ರೋಗ್ರಾಮರ್‌ಗೂ ಬರಿಯ ಚಿತ್ರಕಾರರಿಗೂ ಸುಲಭವಾಗಿ ಕೈಗೆ ಹತ್ತದ ಮೂರನೆಯ ವಿದ್ಯೆ ಇದು. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದನ್ನೇ ಅವಲಂಬಿಸಿರುವುದರಿಂದ, ಮೊದಲು ಅದು ಎಂಥ ವಿದ್ಯೆ ಎಂಬುದನ್ನು ನಿಮ್ಮ ಊರಿನದೇ ಒಂದು ಉದಾಹರಣೆಯಿಂದ ಸ್ವಲ್ಪ ವಿವರವಾಗಿ ತೋರಿಸುತ್ತೇನೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರ ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಕೆಂಪನ್ನು ಕೆರೆದು, ಕೆಳಗಿನ ಬಿಳಿಯನ್ನು ಹೊರತರುವ ಈ ಕಲೆ ಗೋವೆಯಿಂದ ನಮ್ಮ ಕರಾವಳಿಯುದ್ದಕ್ಕೂ ಹರಡಿದೆ. ಬಣ್ಣಗಳು ಎರಡೇ, ವಿನ್ಯಾಸಗಳಲ್ಲಿ ಬಹಳಷ್ಟು ವೃತ್ತವನ್ನು ಆಧರಿಸಿದವು. ಅಂಥ ಎಂಟೆಸಳಿನ ವಿನ್ಯಾಸವೊಂದನ್ನು ಮೊಬೈಲ್ ಗೇಮ್ ಒಂದರ ಗೋಡೆಯ ಮೇಲೆ ತರಬೇಕಾಗಿದೆ ಎಂದಿಟ್ಟುಕೊಳ್ಳಿ. ಫೋಟೊ ತೆಗೆದು ಅಂಟಿಸಬಹುದು. ಆದರೆ ಆಟಗಾರ ಗೋಡೆಯ ಹತ್ತಿರ ಹೋದಾಗ ಸಣ್ಣ ಫೋಟೊ ಮಸುಕಾಗುತ್ತದೆ, ದೊಡ್ಡ ಫೋಟೊ ಫೋನಿನ ಮೆಮೊರಿಯನ್ನು ನುಂಗುತ್ತದೆ. ಆದ್ದರಿಂದ ವಿನ್ಯಾಸವನ್ನು ಚಿತ್ರವಾಗಿ ಉಳಿಸುವ ಬದಲು ಲೆಕ್ಕವಾಗಿ ಬರೆಯುವ ದಾರಿಯೊಂದಿದೆ. ಹಾಗೆ ಬರೆದ, ಗ್ರಾಫಿಕ್ಸ್ ಚಿಪ್‌ನ ಮೇಲೆ ಓಡುವ ಪುಟ್ಟ ಪ್ರೋಗ್ರಾಂ ಅನ್ನು ಶೇಡರ್ ಎನ್ನುತ್ತಾರೆ.

1080ಕ್ಕೆ 2400ರ ಫೋನ್ ಪರದೆಯಲ್ಲಿ 25,92,000 ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗಬೇಕಾದರೆ, ಪರದೆ ತುಂಬ ಆ ಗೋಡೆಯೇ ಇದ್ದಾಗ, ನಿಮ್ಮ ಶೇಡರ್ ಸೆಕೆಂಡಿಗೆ 15 ಕೋಟಿಗೂ ಹೆಚ್ಚು ಸಲ ಓಡುತ್ತದೆ. ಪ್ರತಿ ಸಲವೂ ಅದು ಉತ್ತರಿಸಬೇಕಾದ ಪ್ರಶ್ನೆ, ಈ ಚುಕ್ಕೆ ಕೆಂಪೋ ಬಿಳಿಯೋ ಎಂಬುದೊಂದೇ. ಉತ್ತರ ಕಂಡುಕೊಳ್ಳುವುದು ಹೀಗೆ. ಚುಕ್ಕೆಯು ವಿನ್ಯಾಸದ ಕೇಂದ್ರದಿಂದ ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿದೆ ಎಂದು ಮೊದಲು ಲೆಕ್ಕ ಹಾಕುತ್ತೀರಿ. ಎಂಟು ಎಸಳುಗಳಿರುವುದರಿಂದ ಕೋನವನ್ನು 45 ಡಿಗ್ರಿಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತೀರಿ. ಆಗ ಒಂದು ಎಸಳನ್ನು ಬರೆದರೆ ಎಂಟೂ ಬರೆದಂತೆ. ಎಸಳಿನ ನಡುಗೆರೆಯ ಆಚೀಚೆ ಕನ್ನಡಿಯಂತೆ ಮಡಿಸಿದರೆ ಅರ್ಧ ಎಸಳು ಸಾಕು. ಆ ಅರ್ಧ ಎಸಳಿನ ಅಂಚು ಒಂದು ವೃತ್ತದ ಕಂಸವಷ್ಟೆ, ಆದ್ದರಿಂದ ಚುಕ್ಕೆಯಿಂದ ಆ ಕಂಸಕ್ಕಿರುವ ದೂರ ಧನವೋ ಋಣವೋ ಎಂಬುದರಿಂದ ಬಣ್ಣ ತೀರ್ಮಾನವಾಗುತ್ತದೆ. ಇಲ್ಲಿಗೆ ಪಿಯುಸಿಯ ತ್ರಿಕೋನಮಿತಿ ಸಾಕಾಗುತ್ತದೆ. ಅಂಚಿನಲ್ಲಿ ಕೆಂಪಿನಿಂದ ಬಿಳಿಗೆ ಥಟ್ಟನೆ ಜಿಗಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ, ಒಂದು ಪಿಕ್ಸೆಲ್ ಅಗಲದಷ್ಟು ಜಾಗದಲ್ಲಿ ಎರಡು ಬಣ್ಣಗಳನ್ನು ನಯವಾಗಿ ಬೆರೆಸುತ್ತೀರಿ.

ಇಷ್ಟಾದ ಮೇಲೆ ಪರದೆಯ ಮೇಲೆ ಬರುವ ವಿನ್ಯಾಸ ನಿರ್ದುಷ್ಟವಾಗಿರುತ್ತದೆ, ಮತ್ತು ನಿರ್ಜೀವವಾಗಿರುತ್ತದೆ. ಇದು ಹಳೆಯ ಸಮಸ್ಯೆ. 1982ರಲ್ಲಿ ಬಂದ ಹಾಲಿವುಡ್ ಚಿತ್ರವೊಂದರ ಕಂಪ್ಯೂಟರ್ ದೃಶ್ಯಗಳಿಗೆ ದುಡಿದ ಕೆನ್ ಪರ್ಲಿನ್ ಎಂಬ ಪ್ರೋಗ್ರಾಮರ್, ಆ ದೃಶ್ಯಗಳ ಯಂತ್ರದಂಥ ನುಣುಪಿನಿಂದ ಬೇಸತ್ತು, ಮರುವರ್ಷ ಒಂದು ಉಪಾಯ ಹೂಡಿದರು: ಅಕ್ಕಪಕ್ಕದ ಬಿಂದುಗಳಲ್ಲಿ ಹೆಚ್ಚು ಭೇದವಿಲ್ಲದಂತೆ, ಆದರೆ ದೂರ ಹೋದಂತೆ ಊಹೆಗೆ ನಿಲುಕದಂತೆ ಏರಿಳಿಯುವ ಸಂಖ್ಯೆಗಳನ್ನು ಕೊಡುವ ಸೂತ್ರ. ಅದನ್ನು ಇಂದು ಪರ್ಲಿನ್ ನಾಯ್ಸ್ ಎನ್ನುತ್ತಾರೆ. ಮೋಡ, ಅಮೃತಶಿಲೆ, ತುಕ್ಕು, ತೆರೆ ಎಲ್ಲದರ ಹಿಂದೆ ಅದರ ಅಥವಾ ಅದರ ಸಂತತಿಯ ಕೈವಾಡವಿದೆ. ಈ ಸೂತ್ರಕ್ಕಾಗಿ ಅವರಿಗೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪುರಸ್ಕಾರವೂ ಬಂತು. ಚಿತ್ರದ ಮೇಲಿನ ಅತೃಪ್ತಿಯಿಂದ ಗಣಿತ ಹುಟ್ಟಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ನೀವು ಕೇಳುತ್ತಿರುವ ವೃತ್ತಿಗೆ ಮೂಲಪುರುಷರೆಂದು ಯಾರನ್ನಾದರೂ ಹೆಸರಿಸಬೇಕಾದರೆ ನಾನು ಇವರನ್ನು ಹೆಸರಿಸುತ್ತೇನೆ.

ನಿಮ್ಮ ಎಸಳಿನ ಅಂಚಿಗೆ ಈ ನಾಯ್ಸ್ ಸೇರಿಸಿದರೆ ಗೆರೆ ತುಸು ನಡುಗಿ, ಕೈಯಿಂದ ಕೆರೆದಂತೆ ಕಾಣುತ್ತದೆ. ಒಳ್ಳೆಯ ಪ್ರೋಗ್ರಾಮರ್ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನಿಜವಾದ ಗೋಡೆಯ ಮುಂದೆ ಕುಳಿತು ಪೆನ್ಸಿಲಿನಿಂದ ಆ ಎಸಳನ್ನು ನಕಲು ಮಾಡಿದವರಿಗೆ ಬೇರೆಯದೇ ಕಾಣುತ್ತದೆ. ನೀಳವಾದ ಗೆರೆಯನ್ನು ಎಳೆಯುವಾಗ ಪಳಗಿದ ಕೈ ನಡುಗಿರುವುದಿಲ್ಲ. ಗೆರೆ ತಿರುಗುವಲ್ಲಿ, ಎರಡು ಗೆರೆಗಳು ಕೂಡುವಲ್ಲಿ, ಎಸಳಿನ ತುದಿಯಲ್ಲಿ ಗಾರೆ ಚಕ್ಕೆಯೆದ್ದಿರುತ್ತದೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ನಡುಗಿಸಿದ ಗೆರೆ ಆದ್ದರಿಂದಲೇ ಸುಳ್ಳಾಗಿ ಕಾಣುವುದು. ಅದನ್ನು ಕಂಡವರು, ತುದಿಗಳ ಹತ್ತಿರ ನಾಯ್ಸ್ ಹೆಚ್ಚಾಗುವಂತೆಯೂ ನೀಳ ಗೆರೆಯಲ್ಲಿ ಬಹುತೇಕ ಇಲ್ಲವಾಗುವಂತೆಯೂ ಮತ್ತೊಂದು ಸಾಲು ಕೋಡ್ ಸೇರಿಸುತ್ತಾರೆ. ಆ ಒಂದು ಸಾಲು ಬರೆಯಲು ಎರಡೂ ವಿದ್ಯೆಗಳು ಬೇಕು. ಆ ಸಾಲಿಗೇ ಕಂಪನಿಗಳು ಹಣ ಕೊಡುವುದು.

ಗೇಮ್ ಮತ್ತು ಚಲನಚಿತ್ರ ಸ್ಟುಡಿಯೋಗಳಲ್ಲಿ ಇದನ್ನು ಮಾಡುವವರಿಗೆ ಟೆಕ್ನಿಕಲ್ ಆರ್ಟಿಸ್ಟ್ ಎಂಬ ಹುದ್ದೆಯಿದೆ. ದೃಶ್ಯ ಪರಿಣಾಮಗಳ ಸ್ಟುಡಿಯೋಗಳಲ್ಲಿ ಟೆಕ್ನಿಕಲ್ ಡೈರೆಕ್ಟರ್ ಎನ್ನುವುದೂ ಉಂಟು. ಕೋಡಿನ ಕಡೆಗೆ ಹೆಚ್ಚು ವಾಲಿದರೆ ಗ್ರಾಫಿಕ್ಸ್ ಪ್ರೋಗ್ರಾಮರ್ ಅಥವಾ ಟೂಲ್ಸ್ ಪ್ರೋಗ್ರಾಮರ್. ಜಾಹೀರಾತು, ವಸ್ತುಸಂಗ್ರಹಾಲಯ, ಪ್ರದರ್ಶನಗಳ ಕಡೆಗೆ ಹೋದರೆ ಕ್ರಿಯೇಟಿವ್ ಟೆಕ್ನಾಲಜಿಸ್ಟ್. ಪತ್ರಿಕೆಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಅಂಕಿಅಂಶಗಳನ್ನು ಚಿತ್ರವಾಗಿ ಮೂಡಿಸುವವರು ಬೇಕು. ಕಾರುಗಳ ಡ್ಯಾಶ್‌ಬೋರ್ಡ್ ಪರದೆಗಳನ್ನು ಈಗ, ಗೇಮ್ ಕಟ್ಟಲು ಬಳಸುವ ತಂತ್ರಾಂಶಗಳಾದ ಗೇಮ್ ಎಂಜಿನ್‌ಗಳಲ್ಲಿಯೇ ಕಟ್ಟುತ್ತಿರುವುದರಿಂದ ಬೆಂಗಳೂರಿನ ವಾಹನ ಸಂಶೋಧನಾ ಕೇಂದ್ರಗಳಲ್ಲೂ ಈ ಕೌಶಲಕ್ಕೆ ಜಾಗವಿದೆ. ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ: ದೃಶ್ಯ ಪರಿಣಾಮಗಳ ಉದ್ಯಮ ಭದ್ರವಾದದ್ದಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಜಾಗತಿಕ ಸಂಸ್ಥೆ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋಗಳೂ ನಿಂತುಹೋಗಿ, ಬಹಳಷ್ಟು ನುರಿತ ಕಲಾವಿದರು ಒಮ್ಮೆಲೇ ಕೆಲಸ ಹುಡುಕಬೇಕಾಯಿತು. ಅವರಲ್ಲಿ ಕೋಡ್ ಬಲ್ಲವರಿಗೆ ಬೇರೆ ಉದ್ಯಮದ ಬಾಗಿಲು ತಟ್ಟುವ ಅವಕಾಶವಿತ್ತು. ಒಂದೇ ತಂತ್ರಾಂಶದಲ್ಲಿ ಒಂದೇ ಬಗೆಯ ಕೆಲಸ ಮಾಡುತ್ತಿದ್ದವರಿಗೆ ಅದು ಕಷ್ಟ.

ಈ ಹುದ್ದೆಗಳ ದಿನನಿತ್ಯದ ಕೆಲಸ ಕಾವಿಯ ಎಸಳಿನಷ್ಟು ಸೊಗಸಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಲೆಂಡರಿನಲ್ಲಿ ಮೇಲ್ದಿಕ್ಕು ಜೆಡ್ ಅಕ್ಷ, ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ ವೈ ಅಕ್ಷ. ಬ್ಲೆಂಡರಿನ ಅಳತೆ ಮೀಟರಿನಲ್ಲಿ, ಅನ್‌ರಿಯಲ್ ಎಂಜಿನ್ನಿನದು ಸೆಂಟಿಮೀಟರಿನಲ್ಲಿ. ಕಲಾವಿದರು ವಾರಗಟ್ಟಲೆ ಕುಳಿತು ಮಾಡಿದ ಪಾತ್ರ ಎಂಜಿನ್ನಿಗೆ ಬಂದಾಗ ಅಂಗಾತ ಮಲಗಿರುತ್ತದೆ, ಅಥವಾ ನೂರು ಪಟ್ಟು ಕುಗ್ಗಿರುತ್ತದೆ. 4096ಕ್ಕೆ 4096ರ ಒಂದೇ ಒಂದು ಚಿತ್ರ, ಸಂಕುಚಿಸದೆ ಹಾಗೆಯೇ ಇಟ್ಟರೆ, ಗ್ರಾಫಿಕ್ಸ್ ಮೆಮೊರಿಯಲ್ಲಿ 64 ಎಂಬಿ ಹಿಡಿಯುತ್ತದೆ. ಅಂಥ ಹತ್ತು ಚಿತ್ರಗಳನ್ನು ಯಾರೋ ಮಂದಿರದ ಕಂಬವೊಂದಕ್ಕೇ ಹಚ್ಚಿರುತ್ತಾರೆ. ಮೊಬೈಲುಗಳಲ್ಲಿ ಹೆಚ್ಚಾಗಿ ಬಳಸುವ ಎಎಸ್‌ಟಿಸಿ ಸಂಕೋಚನವನ್ನು ಹದವಾಗಿ ಬಳಸಿದರೆ ಅದೇ ಚಿತ್ರ 16 ಎಂಬಿಗೆ, ಇನ್ನೂ ಬಿಗಿ ಮಾಡಿದರೆ ಸುಮಾರು 7 ಎಂಬಿಗೆ ಇಳಿಯುತ್ತದೆ. ಯಾವ ಚಿತ್ರ ಎಷ್ಟು ಬಿಗಿಯನ್ನು ತಾಳುತ್ತದೆ ಎಂಬುದನ್ನು ಕಣ್ಣೇ ಹೇಳಬೇಕು, ಏಕೆಂದರೆ ಚರ್ಮದ ಬಣ್ಣದಲ್ಲಿ ಎದ್ದು ಕಾಣುವ ದೋಷ ಜಂಬಿಟ್ಟಿಗೆ ಕಲ್ಲಿನ ಗೋಡೆಯಲ್ಲಿ ಕಾಣುವುದೇ ಇಲ್ಲ. ಇಂಥ ತಪ್ಪುಗಳನ್ನೆಲ್ಲ ಕಲಾವಿದರು ಫೈಲ್ ಉಳಿಸುವಾಗಲೇ ಹಿಡಿದು ಹೇಳುವ ಸಣ್ಣ ಉಪಕರಣವನ್ನು ಪೈಥಾನಿನಲ್ಲಿ ಬರೆದುಕೊಡುವುದು ಟೆಕ್ನಿಕಲ್ ಆರ್ಟಿಸ್ಟ್‌ಗಳ ಕೆಲಸದ ದೊಡ್ಡ ಪಾಲು. ಆ ಉಪಕರಣವನ್ನು ಯಾರೂ ಹೊಗಳುವುದಿಲ್ಲ. ಅದು ಕೆಟ್ಟ ದಿನ ಮಾತ್ರ ಇಡೀ ತಂಡ ನಿಮ್ಮ ಮೇಜಿನ ಮುಂದೆ ನಿಂತಿರುತ್ತದೆ.

ಕನ್ನಡಕ್ಕೆ ಸಂಬಂಧಿಸಿದ ಒಂದು ಕ್ಷೇತ್ರವನ್ನು ಇಲ್ಲಿಯೇ ಸೂಚಿಸುತ್ತೇನೆ, ಏಕೆಂದರೆ ಅದರಲ್ಲಿ ಪೈಪೋಟಿ ಕಡಿಮೆ, ಅಗತ್ಯ ಹೆಚ್ಚು. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯುನಿಕೋಡಿನ ಪ್ರಕಾರ ಅದು ಆರು ಸಂಕೇತಗಳ ಸಾಲು. ಆ ಆರನ್ನು ಸರಿಯಾದ ಒತ್ತಕ್ಷರಗಳ ಗುಚ್ಛವಾಗಿ ಜೋಡಿಸಲು ಹಾರ್ಫ್‌ಬಜ್‌ನಂಥ ಪ್ರತ್ಯೇಕ ತಂತ್ರಾಂಶ ಬೇಕು. ಬ್ರೌಸರುಗಳಲ್ಲಿ ಅದು ಇರುವುದರಿಂದ ನಮಗೆ ತೊಂದರೆ ಗೊತ್ತಾಗುವುದಿಲ್ಲ. ಆದರೆ ಹಲವು ಗೇಮ್ ತಂತ್ರಾಂಶಗಳಲ್ಲಿ ಕನ್ನಡ ಬರೆದರೆ ಒತ್ತುಗಳು ಕೆಳಗಿಳಿಯದೆ ಅರ್ಧಾಕ್ಷರಗಳಾಗಿ ಸಾಲಾಗಿ ನಿಲ್ಲುತ್ತವೆ. ಉಚಿತ ಗೇಮ್ ಎಂಜಿನ್ ಆದ ಗೊಡೊ, 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಈ ಜೋಡಣೆಯನ್ನು ಒಳಗೊಂಡಿದೆ. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಇಂಗ್ಲಿಷಿಗೆಂದು ಅಳತೆ ಮಾಡಿದ ಬಟನ್ನಿನಲ್ಲಿ ಕನ್ನಡದ ಒತ್ತುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಅದನ್ನು ಉಳಿಸಲು ಅಕ್ಷರ ಚಿಕ್ಕದು ಮಾಡಿದರೆ ಮಕ್ಕಳಿಗೆ ಓದಲಾಗುವುದಿಲ್ಲ. ಅಕ್ಷರದ ಅಂದ ಬಲ್ಲ, ಅದು ಪರದೆಗೆ ಬರುವ ದಾರಿಯನ್ನೂ ಬಲ್ಲ ಒಬ್ಬರು ತಂಡದಲ್ಲಿದ್ದರೆ ಮಾತ್ರ ಇದು ಸರಿಹೋಗುತ್ತದೆ. ಕನ್ನಡದ ಮಕ್ಕಳ ಕಲಿಕೆಯ ಆ್ಯಪ್‌ಗಳನ್ನು ತೆರೆದು ನೋಡಿ. ಇಂಥವರ ಕೊರತೆ ನಿಮಗೇ ಕಾಣುತ್ತದೆ.

ಇನ್ನು ನೌಕರಿಯೋ ಡಿಪ್ಲೊಮಾವೋ ಎಂಬ ಪ್ರಶ್ನೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಸಾಲ ಮಾಡಿ ಡಿಪ್ಲೊಮಾ ಸೇರಬೇಡಿ. ಅಲ್ಲಿ ಕಲಿಸುವುದರಲ್ಲಿ ಹೆಚ್ಚಿನದು ತಂತ್ರಾಂಶದ ಬಳಕೆ, ಅದನ್ನು ನೀವು ಈಗಾಗಲೇ ಸ್ವಂತವಾಗಿ ಕಲಿಯುತ್ತಿದ್ದೀರಿ. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ. ಹೂಡಿನಿಯಂಥ ದುಬಾರಿ ತಂತ್ರಾಂಶದ ಅಪ್ರೆಂಟಿಸ್ ಆವೃತ್ತಿಯೂ ವಾಣಿಜ್ಯೇತರ ಕಲಿಕೆಗೆ ಉಚಿತ. ನಿಮಗೆ ನಿಜವಾಗಿ ಬೇಕಾಗಿರುವುದು ನಿಮ್ಮ ಕೆಲಸವನ್ನು ನೋಡಿ ಇದು ಏಕೆ ಸರಿಯಿಲ್ಲ ಎಂದು ಹೇಳುವ ಅನುಭವಿಗಳು, ಮತ್ತು ಅವರು ಕೆಲವೇ ಡಿಪ್ಲೊಮಾ ಕೇಂದ್ರಗಳಲ್ಲಿ ಮಾತ್ರ ಸಿಗುತ್ತಾರೆ. ಔಪಚಾರಿಕ ಶಿಕ್ಷಣವೇ ಬೇಕೆನಿಸಿದರೆ, ವಿನ್ಯಾಸದ ಸ್ನಾತಕೋತ್ತರ ಪ್ರವೇಶಕ್ಕಿರುವ ಸೀಡ್ ಪರೀಕ್ಷೆ ಬರೆಯಿರಿ. ಐಐಟಿ ಬಾಂಬೆ ನಡೆಸುವ ಈ ಪರೀಕ್ಷೆಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ ಪದವಿ ಇದ್ದರಾಯಿತು, ವಯಸ್ಸಿನ ಮಿತಿಯಿಲ್ಲ. ಅದರ ಮೂಲಕ 1969ರಲ್ಲಿ ಆರಂಭವಾದ ಅಲ್ಲಿನ ಐಡಿಸಿ ವಿನ್ಯಾಸ ಶಾಲೆಯಲ್ಲಿ ಅನಿಮೇಶನ್ ಅಥವಾ ಇಂಟರ್‌ಆ್ಯಕ್ಷನ್ ಡಿಸೈನ್‌ನಲ್ಲಿ ಎಂ.ಡೆಸ್ ಎಂಬ ಸ್ನಾತಕೋತ್ತರ ಪದವಿ ಓದಬಹುದು. ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ) ಅದರದೇ ಪ್ರವೇಶ ಪರೀಕ್ಷೆಯಿದೆ, ಬೆಂಗಳೂರಿನಲ್ಲೂ ಅದರ ಆವರಣವಿದೆ. ಇವೆರಡೂ ಎಂಜಿನಿಯರಿಂಗ್ ಓದಿದವರನ್ನು ಹೊರಗಿಡುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಇವನ್ನು ಬರೆಯಬಹುದು ಎಂಬುದು ನಿಮ್ಮ ಈಗಿನ ಇಕ್ಕಟ್ಟನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತದೆ.

ಹಾಗಾದರೆ ಕಂಪನಿಯ ನೌಕರಿ? ಸೇರಿಕೊಳ್ಳಿ. ನಿಮ್ಮ ತಂದೆಯವರ ಮಾತಿನಲ್ಲಿ ಅಡಿಕೆ ಬೆಳೆಗಾರರ ವಿವೇಕ ಇರಬಹುದು. ಹೊಸ ತೋಟ ಫಸಲಿಗೆ ಬರುವ ತನಕ ಹಳೆಯ ತೋಟವನ್ನು ಕಡಿಯುವವರಿಲ್ಲ. ಆದರೆ ಸೇರಿದ ಮೇಲೆ ಏನು ಮಾಡುತ್ತೀರಿ ಎಂಬುದು ಮುಖ್ಯ. ಸೇವಾ ಕಂಪನಿಯಲ್ಲಿ ನಿಮ್ಮನ್ನು ಯಾವ ಯೋಜನೆಗೆ ಹಾಕುತ್ತಾರೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ, ಆದರೂ ವೆಬ್‌ನ ಮುಂಭಾಗದ ಕೆಲಸ ಸಿಗುವಂತೆ ಕೇಳಿಕೊಳ್ಳಿ. ಅಲ್ಲಿಂದ, ಬ್ರೌಸರಿನಲ್ಲೇ ಮೂರು ಆಯಾಮದ ಚಿತ್ರ ಮೂಡಿಸುವ ವೆಬ್‌ಜಿಎಲ್, ಥ್ರೀ.ಜೆಎಸ್ ಕಡೆಗೆ ಹೊರಳುವುದು ಸುಲಭ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಕೆ, ಬೇರೆಯವರ ಕೋಡ್ ಓದುವುದು, ತನ್ನ ಕೋಡನ್ನು ಬೇರೆಯವರು ಓದುವಂತೆ ಬರೆಯುವುದು ಇವನ್ನು ಮನೆಯಲ್ಲಿ ಒಬ್ಬರೇ ಕುಳಿತು ಕಲಿಯಲಾಗದು. ಕೋಡಿನ ವಿದ್ಯೆ ಇನ್ನೊಬ್ಬರ ಹಣದಲ್ಲಿ ಬೆಳೆಯಲಿ. ಚಿತ್ರದ ವಿದ್ಯೆ ನಿಧಾನವಾಗಿ ಹದಗೊಳ್ಳುವಂಥದ್ದು, ಅದಕ್ಕೆ ಹೊಟ್ಟೆಪಾಡಿನ ಆತುರ ಒಳ್ಳೆಯದಲ್ಲ. ಸಂಜೆ ಆರರ ನಂತರ ದಣಿದ ಮನಸ್ಸಿಗೆ ಚಿತ್ರ ಬಿಡಿಸಲು ಆಗುತ್ತದೆಯೇ ಎಂದು ನೀವು ಕೇಳಬಹುದು. ಎಲ್ಲರಿಗೂ ಆಗುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುನ್ನ ಮಾಡುವವರೇ ಹೆಚ್ಚು ದಿನ ಉಳಿದುಕೊಳ್ಳುವುದನ್ನು ನಾನು ನೋಡಿದ್ದೇನೆ.

ಚಿತ್ರಾಭ್ಯಾಸ ಎಂದಾಗ ಪರದೆಯ ಮೇಲಿನ ಅಭ್ಯಾಸವನ್ನಷ್ಟೇ ಹೇಳುತ್ತಿಲ್ಲ. ಶೇಡರ್ ಬರೆಯುವವರಿಗೆ ಬೆಳಕು ಹೇಗೆ ಬೀಳುತ್ತದೆ ಎಂಬ ತಿಳಿವಳಿಕೆಯೇ ಬಂಡವಾಳ. ಮೇಲ್ಮೈ ಮುಖ ಮಾಡಿರುವ ದಿಕ್ಕಿಗೂ ಬೆಳಕು ಬರುವ ದಿಕ್ಕಿಗೂ ನಡುವಿನ ಕೋನದ ಕೊಸೈನ್ ಬೆಲೆಯಷ್ಟು ಆ ಮೇಲ್ಮೈ ಬೆಳಗುತ್ತದೆ ಎಂಬ ಸೂತ್ರವನ್ನು ಪಠ್ಯದಿಂದ ಕಲಿಯಬಹುದು. ಆದರೆ ಜುಲೈ ತಿಂಗಳ ಶಿರಸಿಯಲ್ಲಿ ನೆರಳೇ ಬೀಳದ ಬೆಳಕಿನಲ್ಲಿ, ಒದ್ದೆ ಹೆಂಚು ಏಕೆ ಕಪ್ಪಾಗಿ ಕಂಡೂ ಹೊಳೆಯುತ್ತದೆ ಎಂಬುದನ್ನು ಹೊರಗೆ ಕುಳಿತು ಬಿಡಿಸಿದವರು ಮಾತ್ರ ಪರದೆಯ ಮೇಲೆ ನಂಬುವಂತೆ ತರುತ್ತಾರೆ. ಒದ್ದೆಯಾದ ಮೇಲ್ಮೈಯ ಮೂಲ ಬಣ್ಣವನ್ನು ಗಾಢ ಮಾಡಿ, ಒರಟುತನವನ್ನು ತಗ್ಗಿಸುವುದು ಗೇಮ್ ಎಂಜಿನ್‌ಗಳಲ್ಲಿ ಮಳೆಯನ್ನು ತೋರಿಸುವ ರೂಢಿಯ ಕ್ರಮ. ಎರಡು ಸಂಖ್ಯೆಗಳ ವಿಷಯವಷ್ಟೆ, ಆದರೆ ಎಷ್ಟು ಗಾಢ, ಎಷ್ಟು ನುಣುಪು ಎಂಬುದನ್ನು ಗೊತ್ತುಮಾಡುವುದು ಕಣ್ಣು. ಬನವಾಸಿಯ ಮಧುಕೇಶ್ವರ ದೇವಾಲಯದ ಕಂಬಗಳ ಹೊಳಪನ್ನೂ ಅದರ ಹೊರಗೋಡೆಯ ಒರಟನ್ನೂ ಒಂದೇ ದಿನ ಪೆನ್ಸಿಲಿನಲ್ಲಿ ಹಿಡಿಯಲು ಪ್ರಯತ್ನಿಸಿ. ಮೆಟೀರಿಯಲ್ ಎಂಬ ವಿಷಯದ ಮೇಲೆ ಇದಕ್ಕಿಂತ ಒಳ್ಳೆಯ ಪಾಠ ಹಣ ಕೊಟ್ಟರೂ ಸಿಗದು.

ಊರಿನಲ್ಲಿದ್ದು ಮಾಡಬಹುದೇ ಎಂಬುದಕ್ಕೆ, ಮೊದಲ ಕೆಲವು ವರ್ಷ ಬೇಡ ಎನ್ನುತ್ತೇನೆ. ಕೆಲಸ ಕಲಿಯುವುದು ಪಕ್ಕದ ಮೇಜಿನವರ ಪರದೆಯನ್ನು ಕದ್ದು ನೋಡುವುದರಿಂದ. ಅದು ವಿಡಿಯೊ ಕರೆಯಲ್ಲಿ ನಡೆಯುವುದಿಲ್ಲ. ಆಮೇಲೆ ಖಂಡಿತ ಸಾಧ್ಯ. ಆದರೆ ಈ ಕೆಲಸದ ಫೈಲುಗಳು ಬರಿಯ ಕೋಡಿನಂತೆ ಕೆಲವು ಕೆಬಿ ಇರುವುದಿಲ್ಲ, ಜಿಬಿಗಳಲ್ಲಿರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದರೆ, ಘಟ್ಟದ ಮೇಲಿನ ಹಳ್ಳಿಯಲ್ಲಿ ಅದು ಮತ್ತೆ ಜೋಡಣೆಯಾಗುವ ತನಕ ಗ್ರಾಹಕರು ಕಾಯುವುದಿಲ್ಲ. ಊರಿಗೆ ಮರಳುವವರು ಪೇಟೆಯೊಳಗೊಂದು ಕೋಣೆ, ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ, ಬಹಳ ಹೊತ್ತು ಬಾಳುವ ಇನ್ವರ್ಟರ್ ಇಷ್ಟನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವನ್ನು ರಾತ್ರಿಯಿಡೀ ರೆಂಡರಿಂಗ್‌ಗೆ ಬಿಟ್ಟು ಮಲಗುವ ಅಭ್ಯಾಸವಿದ್ದರೆ, ಸಿಡಿಲಿನ ಏಪ್ರಿಲ್‌–ಮೇ ತಿಂಗಳುಗಳಲ್ಲಿ ಆ ಅಭ್ಯಾಸ ಬಿಡಿ.

ಎಐ ಕುರಿತು ಹೆದರಿಸುವವರೂ ಇದ್ದಾರೆ, ಏನೂ ಆಗದು ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಇಷ್ಟು. 2022ರಿಂದೀಚೆಗೆ ಚಿತ್ರ ಹುಟ್ಟಿಸುವ ತಂತ್ರಾಂಶಗಳು ಎಲ್ಲರ ಕೈಗೆ ಬಂದ ಮೇಲೆ, ಐಕಾನ್, ಹಿನ್ನೆಲೆ ಚಿತ್ರ, ಮೊದಲ ಕರಡು ಕಲ್ಪನೆಗಳಂಥ ಕೆಲಸಗಳು ಹೊಸಬರಿಗೆ ಸಿಗುವುದು ಕಡಿಮೆಯಾಗುತ್ತಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸುಲಭದ ಕೋಡಿನ ವಿಷಯದಲ್ಲೂ ಹೀಗೆಯೇ. ಆದರೆ ಆ ತಂತ್ರಾಂಶಗಳು ಕೊಡುವುದು ಮುಗಿದುಹೋದ ಒಂದು ಚಿತ್ರ. ಗೇಮಿಗೆ ಬೇಕಾಗಿರುವುದು ತಿರುಗಿಸಿದರೆ ತಿರುಗುವ, ಮೊಣಕೈ ಮಡಿಸಿದರೆ ಅಂಗಿ ಹರಿಯದಂತೆ ಮಡಿಯುವ, 16 ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಒಂದು ಚೌಕಟ್ಟಿನೊಳಗೆ ತನ್ನ ಪಾಲನ್ನಷ್ಟೇ ಬಳಸುವ ವಸ್ತು. ಬಡಗುತಿಟ್ಟಿನ ಯಕ್ಷಗಾನದ ಕೇದಗೆ ಮುಂದಲೆ ಎಂಬ ಶಿರೋಭೂಷಣವನ್ನು ಕೇಳಿದರೆ ಎಐ ಕಥಕಳಿಯ ಕಿರೀಟವನ್ನು ಬೆರೆಸಿ ಕೊಡುವುದುಂಟು. ಅದು ತಪ್ಪೆಂದು ಹೇಳಲು ಆಟ ನೋಡಿ ಬೆಳೆದವರು ಬೇಕು, ತಿದ್ದಲು ಮೂರು ಆಯಾಮದ ಮಾದರಿ ಕಟ್ಟಬಲ್ಲವರು ಬೇಕು. ಬರಿಯ ಚಿತ್ರ ಅಥವಾ ಬರಿಯ ಕೋಡ್ ಮಾಡುವವರಿಗಿಂತ ಎರಡರ ಸಂಧಿಯಲ್ಲಿ ನಿಂತವರು ಸದ್ಯಕ್ಕೆ ಸುರಕ್ಷಿತರು ಎಂಬುದು ನನ್ನ ಅಂದಾಜು. ಎಐಯನ್ನು ನೀವೂ ಬಳಸಿ, ಆದರೆ ಕಲಿಯುವ ಹಂತದಲ್ಲಿ ಶೇಡರನ್ನು ಅದರಿಂದ ಬರೆಸಿಕೊಳ್ಳಬೇಡಿ. ಸಂದರ್ಶನದಲ್ಲಿ ಒಂದು ಸಾಲನ್ನು ಅಳಿಸಿ, ಈಗ ಪರದೆ ಹೇಗೆ ಕಾಣುತ್ತದೆ ಹೇಳಿ ಎಂದು ಕೇಳುವ ರೂಢಿಯಿದೆ; ತಾನು ಬರೆಯದ ಕೋಡನ್ನು ತಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಸಂದರ್ಶಕರಿಗೆ ತೋರಿಸುವ ಕೆಲಸಗಳ ಸಂಗ್ರಹದಲ್ಲಿ ಇಪ್ಪತ್ತು ಅರೆಬರೆ ಪ್ರಯತ್ನಗಳಿಗಿಂತ ಪೂರ್ಣಗೊಂಡ ಎರಡು ಮೂರು ಕೆಲಸಗಳಿರಲಿ. ಮೇಲೆ ಹೇಳಿದ ಕಾವಿಯ ಶೇಡರ್ ಒಂದಾಗಬಹುದು: ಬ್ರೌಸರಿನಲ್ಲೇ ಓಡಲಿ, ಎಸಳುಗಳ ಸಂಖ್ಯೆಯನ್ನು ಬದಲಿಸುವ ಪಟ್ಟಿಯಿರಲಿ, ಪಕ್ಕದಲ್ಲೇ ನೀವು ಗೋಡೆಯ ಮುಂದೆ ಕುಳಿತು ಬಿಡಿಸಿದ ಪೆನ್ಸಿಲ್ ಚಿತ್ರವಿರಲಿ. ಬ್ಲೆಂಡರಿನಲ್ಲಿ ಫೈಲ್ ಪರೀಕ್ಷಿಸುವ ಪೈಥಾನ್ ಉಪಕರಣ ಇನ್ನೊಂದಾಗಬಹುದು. ಅದರ ಜೊತೆ, ಯಾವ ತಪ್ಪನ್ನು ಏಕೆ ಹಿಡಿಯುತ್ತದೆ ಎಂಬ ಒಂದು ಪುಟದ ವಿವರಣೆ ಬರೆಯಿರಿ. ಗೊಡೊದಲ್ಲಿ ಮಾಡಿದ, ಒತ್ತಕ್ಷರಗಳು ಸರಿಯಾಗಿ ಮೂಡುವ ಪುಟ್ಟ ಕನ್ನಡ ಆಟ ಮೂರನೆಯದು. ಹಸೆ ಚಿತ್ತಾರದಂಥ, ಒಂದು ಸಮುದಾಯದ ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದ ವಿನ್ಯಾಸಗಳನ್ನು ಬಳಸುವುದಾದರೆ ಬರೆದವರನ್ನು ಕೇಳಿ, ಹೆಸರು ಹಾಕಿ. ಹಣ ಬಂದರೆ ಅವರಿಗೂ ಪಾಲಿರಲಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ಕಂಪನಿಯ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಹಕ್ಕುಸ್ವಾಮ್ಯದ ಷರತ್ತನ್ನು ಎರಡು ಸಲ ಓದಿ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರದು. ಅದು ನ್ಯಾಯವಾದದ್ದೇ. ಆದರೆ ಕೆಲವು ಕಂಪನಿಗಳ ಪತ್ರಗಳಲ್ಲಿ, ನೌಕರಿಯಲ್ಲಿರುವಷ್ಟು ಕಾಲ ನೀವು ಸ್ವಂತ ಸಮಯದಲ್ಲಿ, ಸ್ವಂತ ಯಂತ್ರದಲ್ಲಿ ಮಾಡಿದ್ದೂ ಕಂಪನಿಯದೇ ಎಂಬರ್ಥದ ವಾಕ್ಯ ಸೇರಿರುತ್ತದೆ, ಹೊರಗಿನ ಸಂಪಾದನೆಯನ್ನು ಪೂರ್ತಿ ನಿಷೇಧಿಸುವ ವಾಕ್ಯವೂ ಇರುತ್ತದೆ. ಹಾಗಿದ್ದರೆ, ನೀವು ಈಗಾಗಲೇ ಮಾಡಿರುವ ಚಿತ್ರಗಳ ಮತ್ತು ಕೋಡಿನ ಪಟ್ಟಿಯನ್ನು ದಿನಾಂಕ ಸಹಿತ ಕೊಟ್ಟು, ಅವು ನಿಮ್ಮವೆಂದು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಮುಂದೆ ಸ್ವತಂತ್ರವಾಗಿ ಕೆಲಸ ಒಪ್ಪಿಕೊಳ್ಳುವಾಗಲೂ ಹಕ್ಕನ್ನು ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಬಿಟ್ಟುಕೊಡುತ್ತಿದ್ದೀರಿ ಎಂಬುದನ್ನು ಪತ್ರದಲ್ಲಿ ಬರೆಸಿ. ಬರೆಸದಿದ್ದರೆ ಕಾಯ್ದೆಯ 19ನೆಯ ಸೆಕ್ಷನ್ ಅದನ್ನು ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ ಎಂದು ಭಾವಿಸುತ್ತದೆ. ಇದು ಗೊತ್ತಿಲ್ಲದ ವಿದೇಶಿ ಗ್ರಾಹಕರೊಡನೆ ಜಗಳಕ್ಕೆ ಅಷ್ಟೇ ಸಾಕು.